ಪೆಟ್ರೋಲ್ ಸ್ವಲ್ಪ ಟೈಟ್ ಮಾಡ್ರಿ

ಮೊನ್ನೆ ಒಂದು ಭಾನುವಾರ ಬಳಗಾನೂರಿನ ಹತ್ತಿರ ಒಂದು ತಿರುವಿನಲ್ಲಿ, ನಟ್ಟನಡು ರಸ್ತೆಯಲ್ಲಿ, ನನ್ನ ಬೈಕು ಗಪ್ಪನೆ ನಿಂತುಬಿಟ್ಟಿತು. ಎದುರಿಗೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್. ಹಿಂದಿನ ಸೀಟಿನಲ್ಲಿ ಹೆಂಡತಿ. ಟ್ರ್ಯಾಕ್ಟರಿನವನು ಸಮಯಕ್ಕೆ ಬ್ರೇಕ್ ಒತ್ತಿದ್ದರಿಂದ ಈ ವಾರವೂ ನಿಮಗೆ ನನ್ನ ಅಂಕಣ ಓದುವ ಕರ್ಮ ತಪ್ಪಲಿಲ್ಲ.

ಹೆಂಡತಿ ಬೈಯಲಿಲ್ಲ. (ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.) ಇಳಿದಳು, ಸೀರೆ ಸರಿ ಮಾಡಿಕೊಂಡಳು, ಹಿಂದೆ ಬರುತ್ತಿದ್ದ ಬಸ್ಸಿಗೆ ಕೈ ಮಾಡಿದಳು. ಹತ್ತುವ ಮುಂಚೆ ಒಂದೇ ಮಾತು ಹೇಳಿದಳು: “ಇದು ಸರಿ ಆಗೋಮಟ ನಾ ಇದರ ಮ್ಯಾಲ ಕುಂದ್ರಂಗಿಲ್ಲ.”

ಇಷ್ಟಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಅಂತ ಕೇಳಬೇಡಿ. ಸಿಂಧನೂರಿನಲ್ಲಿ ಇಬ್ಬರೂ ಪಾಠ ಮಾಡುವವರು. ನನ್ನದು ಕಾಲೇಜು, ಅವಳದು ಹೈಸ್ಕೂಲು. ಮನೆ ತುಂಬ ಜನ. ಭಾನುವಾರ ಲಿಂಗಸುಗೂರಿನ ಅವಳ ಅಕ್ಕನ ಮನೆಗೆ ಬೈಕಿನಲ್ಲಿ ಹೋಗುವ ಆ ಒಂದೂವರೆ ತಾಸು ಮಾತ್ರ ನಮ್ಮಿಬ್ಬರದು. ಇಡೀ ವಾರದ ಮಾತು ಅಲ್ಲೇ ಆಗಬೇಕು. ಅದನ್ನು ಬಸ್ಸಿಗೆ ಬಿಟ್ಟುಕೊಡುವುದಾ? ಸಾಧ್ಯವೇ ಇಲ್ಲ.

ಬೈಕಿನ ಬಗ್ಗೆ ಎರಡು ಮಾತು. ಎರಡು ಸಿಲಿಂಡರಿನ ದೊಡ್ಡ ಗಾಡಿ. ಕಾರ್ಬುರೇಟರ್ ಇಲ್ಲ. ಎಷ್ಟು ಪೆಟ್ರೋಲ್ ಚಿಮ್ಮಬೇಕು ಎಂದು ಅದರೊಳಗಿನ ಒಂದು ಪುಟ್ಟ ಕಂಪ್ಯೂಟರೇ ಲೆಕ್ಕ ಹಾಕುತ್ತದೆ. ಹದಿನೈದು ದಿನದ ಹಿಂದಿನವರೆಗೆ ಗಡಿಯಾರದ ಹಾಗೆ ಓಡುತ್ತಿತ್ತು. ಮಸ್ಕಿಯಲ್ಲಿ ಸರ್ವಿಸ್ ಮಾಡಿಸಿದ ಮೇಲೆ ಕೆಟ್ಟಿತು. ನಿಂತಲ್ಲಿ ನಡುಗುತ್ತದೆ, ವೇಗ ತಗ್ಗಿಸಿದರೆ ಸಾಯುತ್ತದೆ. ಮೇಲಾಗಿ ಪೆಟ್ರೋಲನ್ನೂ ಜಾಸ್ತಿ ಕುಡಿಯುತ್ತದೆ.

ಸ್ಟಾಫ್ ರೂಮಿನಲ್ಲಿ ತೀರ್ಪುಗಳು ಬಂದವು. ಹುಬ್ಬಳ್ಳಿಯ ಕಂಪನಿ ಶೋರೂಮಿಗೆ ಒಯ್ಯಿರಿ ಎಂದರು ಒಬ್ಬರು. ಮಾರಿಬಿಡಿ, ಈ ವಯಸ್ಸಿಗೆ ಸ್ಕೂಟರ್ ಸಾಕು ಎಂದರು ಇನ್ನೊಬ್ಬರು. ನಾನು ಮಾತ್ರ ವಾರವಿಡೀ ಒಂದೇ ರಾಗ ಹಾಡಿದೆ: ಆ ಮಸ್ಕಿಯ ಮೆಕ್ಯಾನಿಕ್ ಕೆಡಿಸಿಟ್ಟ. ಕೇಳಿದವರಿಗೆಲ್ಲ ಹೇಳಿದೆ. ಕೇಳದವರಿಗೂ ಹೇಳಿದೆ.

ಶನಿವಾರ ಅರ್ಧ ದಿನದ ಕಾಲೇಜು ಮುಗಿಸಿ ಜಗಳಕ್ಕೆಂದೇ ಮಸ್ಕಿಗೆ ಹೋದೆ.

ಮೆಕ್ಯಾನಿಕ್ ಮೌಲಾಸಾಬರು ಮೂವತ್ತು ವರ್ಷದಿಂದ ಗಾಡಿ ಬಿಚ್ಚುತ್ತಿರುವವರು. ನನ್ನ ದೂರನ್ನೆಲ್ಲ ತಲೆ ತಗ್ಗಿಸಿ ಕೇಳಿದರು. ಎರಡೂ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಅಂಗೈ ಮೇಲಿಟ್ಟರು. ಡಾಕ್ಟರು ನಾಲಿಗೆ ನೋಡುವ ಹಾಗೆ ಇವರು ಪ್ಲಗ್ ನೋಡುತ್ತಾರೆ. ಹದವಾಗಿದ್ದರೆ ಇಟ್ಟಿಗೆ ಬಣ್ಣ. ನನ್ನ ಎಡಗಡೆಯದು ಸುಣ್ಣದಂತೆ ಬೆಳ್ಳಗೆ, ಅಂದರೆ ಗಾಳಿ ಜಾಸ್ತಿ. ಬಲಗಡೆಯದು ಮಸಿ, ಅಂದರೆ ಪೆಟ್ರೋಲ್ ಜಾಸ್ತಿ.

ಎರಡನ್ನೂ ನನ್ನ ಮುಂದೆ ಹಿಡಿದರು. ಆಮೇಲೆ ಹೇಳಿದರು:

“ಸರ, ನೀವು ಅವತ್ತ ಪೆಟ್ರೋಲ್ ಟೈಟ್ ಮಾಡ್ರಿ ಅಂದ್ರಿ. ಈ ಗಾಡ್ಯಾಗ ಪೆಟ್ರೋಲಿನ ಸ್ಕ್ರೂನ ಇಲ್ಲ. ನನಗ ಇದು ಗೊತ್ತಿಲ್ಲ ಅನ್ನಾಕ ನಾಚಿಕಿ ಬಂತು. ಎಡಗಡೆ ಗಾಳಿದೊಂದು ಸ್ಕ್ರೂ ಕಂಡ್ತು, ಕಂಪನಿಯವರು ಬಣ್ಣ ಹಚ್ಚಿ ಸೀಲ್ ಮಾಡಿದ್ರು. ಅದನ್ನ ಅರ್ಧ ಸುತ್ತು ತಿರುವೀನಿ.”

ಹೌದು, ಹೇಳಿದ್ದೆ. ನಮ್ಮ ಕಡೆ ಗಾಡಿ ಸರ್ವಿಸಿಗೆ ಬಿಟ್ಟವರೆಲ್ಲ ಹೊರಡುವಾಗ ಹೇಳುವ ಮಾತದು. ಹಳೆಯ ಗಾಡಿಯಲ್ಲಿ ಕಾರ್ಬುರೇಟರಿನ ಸ್ಕ್ರೂ ಬಿಗಿದರೆ ಮೈಲೇಜ್ ಒಂದಿಷ್ಟು ಏರುತ್ತಿತ್ತು. ಗಾಡಿ ಬದಲಾಯಿತು, ಬಾಯಿ ಬದಲಾಗಲಿಲ್ಲ.

ಆಗಿದ್ದಿಷ್ಟು. ಎಡ ಸಿಲಿಂಡರಿಗೆ ಗಾಳಿ ಜಾಸ್ತಿ ನುಗ್ಗಿತು. ಪೆಟ್ರೋಲ್ ಸಾಲುತ್ತಿಲ್ಲ ಎಂದು ಕಂಪ್ಯೂಟರ್ ಎರಡಕ್ಕೂ ಸುರಿಯಿತು. ಒಂದು ಮಗು ಅತ್ತಿದ್ದಕ್ಕೆ ಇಬ್ಬರಿಗೂ ಉಣಿಸಿದ ಹಾಗೆ. ಅಳದವನಿಗೆ ಅಜೀರ್ಣ.

ಹುಬ್ಬಳ್ಳಿಗೆ ಒಯ್ಯಲಾ ಎಂದು ಮೆಲ್ಲಗೆ ಕೇಳಿದೆ. ಸಾಬರು ಅಂಗಿಯ ತೋಳು ಮೇಲೆ ಮಡಚಿದರು. “ನಾನ ಕೆಡಿಸೀನಿ, ನಾನ ಮಾಡಿ ಕೊಡ್ತೀನಿ. ಅಲ್ಲೀತನಕ ಗಾಡಿ ಇಲ್ಲಿಂದ ಹೊಂಡಂಗಿಲ್ಲ.”

ಎರಡೂ ಕಡೆಯ ಗಾಳಿ ಸಮ ಮಾಡಲು ಕಂಪನಿಯವರ ಹತ್ತಿರ ಮೀಟರ್ ಇರುತ್ತದೆ. ಮಸ್ಕಿಯಲ್ಲಿ ಎಲ್ಲಿಂದ ತರೋದು? ಎದುರಿಗೆ ಮನೆ ಕಟ್ಟುತ್ತಿದ್ದರು. ಸಾಬರು ಹೋಗಿ ಗೌಂಡಿಯ ಲೆವೆಲ್ ಪೈಪ್ ಇಸಿದುಕೊಂಡು ಬಂದರು. ಗೋಡೆಯ ಮಟ್ಟ ನೋಡಲು ನೀರು ತುಂಬಿ ಹಿಡಿಯುತ್ತಾರಲ್ಲ, ಅದೇ. ಅದಕ್ಕೆ ನೀರಿನ ಬದಲು ಆಯಿಲ್ ಹಾಕಿ, ಒಂದೊಂದು ತುದಿಯನ್ನು ಒಂದೊಂದು ಸಿಲಿಂಡರಿನ ಗಾಳಿಯ ದಾರಿಗೆ ಸಿಕ್ಕಿಸಿದರು. ಯಾವ ಕಡೆ ಜೋರಾಗಿ ಎಳೆಯುತ್ತದೋ ಆ ಕಡೆ ಆಯಿಲ್ ಏರುತ್ತದೆ. ಎರಡೂ ಕಡೆ ಒಂದೇ ಮಟ್ಟಕ್ಕೆ ನಿಂತರೆ ಗಾಳಿ ಸಮ. ಎಷ್ಟು ಸರಳ ಅಲ್ಲವೇ?

ಸರಳವೇನೂ ಇರಲಿಲ್ಲ. ಸ್ಟಾರ್ಟ್ ಮಾಡಿದ್ದೇ ತಡ, ಬಲಗಡೆಯ ಸಿಲಿಂಡರ್ ಅಷ್ಟೂ ಆಯಿಲನ್ನು ಗಟಗಟ ಕುಡಿದುಬಿಟ್ಟಿತು. ಸೈಲೆನ್ಸರಿನಿಂದ ಬಿಳಿ ಹೊಗೆ. ಅಕ್ಕಪಕ್ಕದ ಅಂಗಡಿಯವರೆಲ್ಲ ಕೆಮ್ಮುತ್ತಾ ಹೊರಬಂದರು. ಗೌಂಡಿ ಬಂದು ತನ್ನ ಪೈಪ್ ಕೇಳಿದ. ಸಾಬರು ಕೊಡಲಿಲ್ಲ.

ಪ್ಲಗ್ ಒರೆಸಿ, ಪೈಪಿಗೆ ಮತ್ತೆ ಆಯಿಲ್ ತುಂಬಿ, ಈ ಸಲ ನಡುವೆ ಕ್ಲಿಪ್ ಹಾಕಿ ಬಿಗಿದರು, ನಿಧಾನಕ್ಕೆ ಏರಲಿ ಎಂದು. ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವುದು, ಕಾಯುವುದು, ನೋಡುವುದು. ಬೇರೆ ಗಿರಾಕಿಗಳನ್ನು ಸೋಮವಾರ ಬರ್ರಿ ಎಂದು ಕಳಿಸಿದರು. ನಾನು ಪೈಪ್ ಹಿಡಿದು ನಿಂತೆ. ಕೈ ಸೋತು ಬಂದರೂ ಬಿಡಲಿಲ್ಲ. ಎರಡು ಸಲ ತಪ್ಪಿ, ಮೂರನೆಯ ಸಲ ಎರಡೂ ಕಡೆ ಆಯಿಲ್ ಒಂದೇ ಗೆರೆಗೆ ಬಂದು ನಿಂತಿತು.

ಲಿಂಗಸುಗೂರು ರಸ್ತೆಯಲ್ಲಿ ಓಡಿಸಿದೆವು. ದಾರಿಬದಿ ನಿಲ್ಲಿಸಿ, ಬಿಸಿ ಪ್ಲಗ್ ಬಟ್ಟೆಯಲ್ಲಿ ಹಿಡಿದು ನೋಡಿದೆವು. ಬಲಗಡೆ ಇನ್ನೂ ಕಪ್ಪು. ಕಂಪ್ಯೂಟರ್ ತನ್ನ ಹಳೆಯ ಲೆಕ್ಕ ಮರೆಯಬೇಕಲ್ಲ, ಮತ್ತೆ ಓಡಿಸ್ರಿ ಎಂದರು ಸಾಬರು. ಮತ್ತೆ ಓಡಿಸಿದೆ. ಹೊತ್ತು ಇಳಿಯುವ ಹೊತ್ತಿಗೆ ಅವರ ಅಂಗೈಯಲ್ಲಿ ಎರಡು ಪ್ಲಗ್, ಎರಡಕ್ಕೂ ಇಟ್ಟಿಗೆ ಬಣ್ಣ. ನನಗೆ ಕುಣಿಯುವಷ್ಟು ಖುಷಿಯಾಯಿತು. ಜೊತೆಗೆ ನಾಚಿಕೆಯೂ ಆಯಿತು. ತಪ್ಪು ಒಪ್ಪಲು ಅವರಿಗೆ ಬೇಕಾದದ್ದು ಒಂದು ನಿಮಿಷ. ನಾನು ಒಂದು ವಾರ ಊರೆಲ್ಲ ಡಂಗುರ ಹೊಡೆದಿದ್ದೆ.

ಯೋಚಿಸಿ ನೋಡಿ. ಡಾಕ್ಟರು ಐದು ದಿನದ ಮಾತ್ರೆ ಬರೆದರೆ ಮೂರು ದಿನ ಸಾಕಲ್ರೀ ಅನ್ನುತ್ತೇವೆ. ಟೇಲರ್ ಅಳತೆ ಹಿಡಿದರೆ ಇನ್ನೊಂದು ಚೂರು ಟೈಟ್ ಇರಲಿ ಅನ್ನುತ್ತೇವೆ. ಇದು ನಂಗೊತ್ತಿಲ್ಲ ಅಂದವನ ಅಂಗಡಿಗೆ ಮತ್ತೆ ಕಾಲಿಡುತ್ತೇವಾ? ಹಾಗಿದ್ದ ಮೇಲೆ ಅವನಾದರೂ ಯಾಕೆ ಹೇಳಿಯಾನು?

ಮರುದಿನ ಭಾನುವಾರ ಬೆಳಿಗ್ಗೆ ಬೈಕ್ ಚಾಲೂ ಮಾಡಿ ಮನೆ ಮುಂದೆ ನಿಲ್ಲಿಸಿದೆ. ಹೆಂಡತಿ ಬಾಗಿಲಲ್ಲಿ ನಿಂತು ಪೂರ್ತಿ ಐದು ನಿಮಿಷ ಆಲಿಸಿದಳು. ಸದ್ದು ಒಂದೇ ಸಮ. ಯಾರು ಕೆಡಿಸಿದ್ದು ಎಂದು ಕೇಳಿದಳು. ಅರ್ಧ ಹೇಳಿ ಪಾರಾಗಬಹುದಿತ್ತು. ಪೂರ್ತಿ ಹೇಳಿದೆ.

ಬಂದು ಹಿಂದೆ ಕೂತಳು. ಸೆರಗು ಸಿಕ್ಕಿಸಿಕೊಂಡಳು. ಭುಜದ ಮೇಲೆ ಕೈ ಇಟ್ಟು ಕೇಳಿದಳು:

“ಗೊತ್ತಿಲ್ಲ ಅನ್ನಾಕ ಅವರಿಗೆ ನಾಚಿಕಿ ಬಂತು, ಖರೆ. ಚಲೋ ಓಡೋ ಗಾಡೀನ ಟೈಟ್ ಮಾಡ್ರಿ ಅನ್ನಾಕ ನಿಮಗ್ಯಾಕ ಬರಲಿಲ್ಲ?”