ಅಕ್ಕನ ತಲೆಗೆ ಕಟ್ಟಿದ ಪಟ್ಟಿ

ಮೊನ್ನೆ ಜಾಲಹಳ್ಳಿ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಜಡೆಯಿಂದ ಹರಳೆಣ್ಣೆಯ ವಾಸನೆ ಬಂತು. ಪಕ್ಕದವರು ಮೂಗಿಗೆ ಕರ್ಚೀಫು ಹಿಡಿದರು. ನಾನು ಮಾತ್ರ ಪೀಣ್ಯ ಬರುವ ತನಕ ಅದನ್ನೇ ಉಸಿರಾಡುತ್ತ ಕುಳಿತೆ. ಕಾರ್ಖಾನೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿದ್ದ ಅಕ್ಕನ ನೆನಪಾಗಿತ್ತು...

ನಮ್ಮದು ಪೀಣ್ಯದಲ್ಲಿ ಔಷಧಿ ತುಂಬುವ ಗಾಜಿನ ಸೀಸೆಗಳನ್ನು ಮಾಡುವ ಕಾರ್ಖಾನೆ. ಕಪ್ಪು ಹಲಗೆಯ ಮುಂದೆ ದೀಪದ ಕೆಳಗೆ ಸೀಸೆ ಹಿಡಿದು ತಿರುಗಿಸಿ, ಬಿರುಕಿದೆಯೇ ಗುಳ್ಳೆಯಿದೆಯೇ ಎಂದು ನೋಡುವುದು ನಮ್ಮಿಬ್ಬರ ಕೆಲಸ. ಗಂಡ ಹಾಸಿಗೆ ಹಿಡಿದ ಮೇಲೆ ಅಕ್ಕನ ಮನೆ ನಡೆಯುತ್ತಿದ್ದದ್ದು ಆ ಕುರ್ಚಿಯಿಂದಲೇ.

ಕೆಲವು ವರ್ಷಗಳ ಹಿಂದೆ ನಗುಮುಖದ ಇಂಜಿನಿಯರೊಬ್ಬ ತಲೆಗೆ ಕಟ್ಟಿ ಗಮನ ಅಳೆಯುವ ಪಟ್ಟಿಗಳನ್ನು ತಂದ. ಎಲ್ಲ ನಿಮ್ಮ ಒಳ್ಳೆಯದಕ್ಕೇ ಎಂದರು ಸೂಪರ್‌ವೈಸರ್. ಕುಡಿಯುವ ನೀರಿನ ಫಿಲ್ಟರ್ ಕೆಟ್ಟರೆ ತಿಂಗಳುಗಟ್ಟಲೆ ತಿರುಗಿ ನೋಡದವರು ನಮ್ಮ ಮಿದುಳಿಗೆಂದು ಯಂತ್ರ ತರಿಸಿದರೆ ಅನುಮಾನ ಬಾರದಿರುತ್ತದೆಯೇ? ಆ ಹುಡುಗನ ನಗುವೂ ನನಗೆ ಹಿಡಿಸಲಿಲ್ಲ. ಅಷ್ಟೊಂದು ನಗುವಂಥದ್ದು ಪೀಣ್ಯದಲ್ಲಿ ಏನಿದೆ?

ಅವನು ವಿವರಿಸಿದ. ಮಿದುಳಿನಲ್ಲಿ ಸಣ್ಣ ವಿದ್ಯುತ್ ಅಲೆಗಳು ಒಂದು ಲಯದಲ್ಲಿ ಏಳುತ್ತ ಬೀಳುತ್ತ ಇರುತ್ತವಂತೆ. ನೋಡುವುದರ ಮೇಲೆ ಗಮನ ನೆಟ್ಟಾಗ ತಲೆಯ ಹಿಂಭಾಗದ ಒಂದು ಲಯ ತಗ್ಗುತ್ತದಂತೆ. ಕಣ್ಣು ತೆರೆದಿದ್ದೂ ಮನಸ್ಸು ಬೇರೆಲ್ಲೋ ಅಲೆದರೆ ಅದೇ ಲಯ ಏರುತ್ತದಂತೆ.

“ಅಂಗಾದ್ರೆ ನಾನು ಸೀಸೆ ನೋಡ್ತಾ ನಮ್ಮನೆಯೋರ ಮಾತ್ರೆ ಬಗ್ಗೆ ಯೋಚ್ನೆ ಮಾಡುದ್ರೆ ನಿಮ್ಗೆ ತಿಳೀತದಾ?” ಎಂದು ಅಕ್ಕ ಕೇಳಿದರು.

“ಏನ್ ಯೋಚ್ನೆ ಅಂತ ಗೊತ್ತಾಗಲ್ಲ ಅಕ್ಕ. ಗಮನ ಇಲ್ಲಿಲ್ಲ ಅಂತ ಅಷ್ಟೇ.”

“ಅಷ್ಟ್ ಸಾಕಲ್ಲಪ್ಪ, ಕೆಲ್ಸದಿಂದ ತೆಗ್ಯಾಕೆ.”

ಅವನು ಅದಕ್ಕೂ ನಕ್ಕ. ನಾಳೆ ತಲೆಗೆ ಎಣ್ಣೆ ಹಚ್ಚದೆ ಬನ್ನಿ, ಎಣ್ಣೆಯಿದ್ದರೆ ಪಟ್ಟಿಗೆ ಏನೂ ಸಿಗುವುದಿಲ್ಲ ಎಂದು ಹೇಳಿ ಹೋದ. ಅಕ್ಕ ಹಿಡಿದುಕೊಂಡದ್ದು ಆ ಕೊನೆಯ ಮಾತನ್ನು. ಮರುದಿನ ಹಣೆಗೆ ಇಳಿಯುವಷ್ಟು ಹರಳೆಣ್ಣೆ ಮೆತ್ತಿಕೊಂಡು ಬಂದರು.

“ಏನೂ ಸಿಗ್ದಿದ್ರೆ ಏನ್ ಬರ್ಕೊಂಡಾನು? ಕೇಳುದ್ರೆ, ಎಣ್ಣೆ ಇಲ್ದೆ ಒಸ್ಲು ದಾಟ್ದೋಳಲ್ಲ ನಾನು ಅಂದ್ಬುಡ್ತೀನಿ” ಎಂದು ನನ್ನ ಕಿವಿಯಲ್ಲಿ ಹೇಳಿದರು.

ಹುಡುಗ ಏನೂ ಕೇಳಲಿಲ್ಲ. ಪಟ್ಟಿ ಬಿಗಿದು ಮುಂದಿನವರ ಬಳಿ ಹೋದ. ವಾರದೊಳಗೆ ಫಲಿತಾಂಶ ಬಂತು. ಅಕ್ಕನ ಗಮನ ನಿಲ್ಲುವುದಿಲ್ಲ, ಅವರನ್ನು ಪ್ಯಾಕಿಂಗಿಗೆ ಹಾಕಿ ಎಂದಾಯಿತು. ಪ್ಯಾಕಿಂಗ್ ಎಂದರೆ ಗುತ್ತಿಗೆ ಕೆಲಸ, ಇವತ್ತು ಇದ್ದರೆ ನಾಳೆ ಇಲ್ಲ. ಎಣ್ಣೆಯಿಂದ ಏನೂ ಸಿಗದಿದ್ದದ್ದನ್ನೇ ಯಂತ್ರ ಗಮನವಿಲ್ಲವೆಂದು ಓದಿಕೊಂಡಿತ್ತು. ಅವನಿಗೆ ಎಣ್ಣೆ ಕಾಣಲೇ ಇಲ್ಲವೋ, ಹಳಬರೊಬ್ಬರನ್ನು ಸಾಗಹಾಕಲು ಕಂಡೂ ಸುಮ್ಮನಿದ್ದನೋ... ಇವತ್ತಿಗೂ ನನಗೆ ಅನುಮಾನವೇ.

ನನಗೆ ರೇಗಿಹೋಯಿತು. “ಎಣ್ಣೆಯಿಂದ ಹೀಗಾಯ್ತು ಅಂತ ಹೇಳಿ ಅಕ್ಕ. ತಲೆ ತೊಳ್ಕೊಂಡ್ ಬಂದು ಇನ್ನೊಂದ್ಸಲ ಮಾಡಿಸ್ಕೊಳ್ಳಿ” ಎಂದೆ.

ಅಕ್ಕ ಕೈಯಲ್ಲಿದ್ದ ಸೀಸೆಯನ್ನು ತಿರುಗಿಸುತ್ತಲೇ ಇದ್ದರು.

“ತೊಳ್ಕೊಂಡ್ ಬಂದ್ಮೇಲೂ ಅದೇ ಬಂದ್ರೆ?”

ಅವರಿಗೆ ಯಂತ್ರದ ಮೇಲಷ್ಟೇ ಅನುಮಾನ ಎಂದುಕೊಂಡಿದ್ದೆ...

ಪ್ಯಾಕಿಂಗಿನಲ್ಲಿ ಅವರನ್ನು ಹೆಚ್ಚು ದಿನ ಇಟ್ಟುಕೊಳ್ಳಲಿಲ್ಲ. ಗಂಡನನ್ನು ಕರೆದುಕೊಂಡು ಅತ್ತಿಬೆಲೆಯ ಮಗಳ ಮನೆಗೆ ಹೋದರು. ಮೊದಮೊದಲು ಫೋನು ಮಾಡುತ್ತಿದ್ದರು. ಆಮೇಲೆ ಅದೂ ನಿಂತಿತು. ಹೋದ ವರ್ಷ ಅಕ್ಕ ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಬಹಳ ಅತ್ತೆ.

ಈಗ ನಮ್ಮಲ್ಲಿ ಪಟ್ಟಿ ಕಟ್ಟುವುದು ಮಾಮೂಲು. ಸೀಸೆಯನ್ನು ದೀಪಕ್ಕೆ ಹಿಡಿದಾಗ ನನ್ನ ಮೇಲೇ ನನಗೆ ಗುಮಾನಿ: ಇದನ್ನು ನಾನು ನಿಜವಾಗಿ ನೋಡುತ್ತಿದ್ದೇನೆಯೇ? ಫಲಿತಾಂಶ ಬರುವ ತನಕ ಊಟ ಸೇರುವುದಿಲ್ಲ. ಅಕ್ಕನ ಭಯ ನನಗೆ ಬಂದಿದೆ. ಹೇಳಿಕೊಳ್ಳೋಣವೆಂದರೆ ಅಕ್ಕ ಇಲ್ಲ.