ಮತ್ತು ಇನ್ನೊಬ್ಬರು

ಗುಂಡಿಯಕ್ಕನಿಗೆ ಆ ಹೆಸರು ಬಂದದ್ದು ತುಟಿಯಂಚಿನಲ್ಲಿ ಸದಾ ಒಂದೆರಡು ಅಂಗಿಗುಂಡಿ ಕಚ್ಚಿಕೊಂಡಿರುವ ಅಭ್ಯಾಸದಿಂದ. ಅವೂ ಇಲ್ಲದಿದ್ದರೆ ಅವಳ ಬಾಯಿಗೆ ಲಗಾಮೇ ಇರುತ್ತಿರಲಿಲ್ಲ ಎಂದು ಗಂಡ ಹೇಳುವುದುಂಟು, ಅವಳಿಗೆ ಕೇಳಿಸದಷ್ಟು ಮೆಲ್ಲಗೆ. ಅವಳು ಹೊಲಿಯುತ್ತಾಳೆ, ಅವನು ಕತ್ತರಿಸುತ್ತಾನೆ. ಬಟ್ಟೆಯ ಮುಂದೆ ಹುಲಿಯಾದ ಮನುಷ್ಯ, ಸರ್ಕಾರಿ ಮೊಹರು ಕಂಡರೆ ಮಾತ್ರ ಬೆವರುತ್ತಾನೆ.

ಒಂದು ಕಾಲದಲ್ಲಿ ಇಬ್ಬರೂ ಸೇರಿ ದೊಡ್ಡ ಹೊಲಿಗೆ ಕೋಣೆ ನಡೆಸಿದ್ದರು. ರಾಶಿ ಸಮವಸ್ತ್ರ ಹೊಲಿಸಿಕೊಂಡ ಕಂಪನಿಯೊಂದು ದುಡ್ಡು ಕೊಡದೆ ರಾತ್ರೋರಾತ್ರಿ ಬಾಗಿಲು ಹಾಕಿತು, ಇವರು ದಿವಾಳಿಯಾದರು. ಮೂರು ಕಾಸಿಗೆ ಯಂತ್ರಗಳು ಹೋದವು. ಆಮೇಲೆ ಹಿತ್ತಿಲ ಕೋಣೆಯಲ್ಲಿ ಹರಿದ ಜೇಬು, ಸಡಿಲ ಸೊಂಟಪಟ್ಟಿ ಸರಿಮಾಡುತ್ತಾ ವರ್ಷಗಟ್ಟಲೆ ದುಡಿದು, ಸಾಲ ತೀರಿಸಿ, ದಿವಾಳಿತನ ಮುಗಿಯಿತೆಂಬ ಬಿಡುಗಡೆಯ ಆದೇಶವನ್ನು ನ್ಯಾಯಾಲಯದಿಂದ ಪಡೆದರು. ಆ ಕಾಗದ ಮನೆ ಬದಲಿಸುವಾಗ ಎಲ್ಲಿ ಮಾಯವಾಯಿತೋ, ಇಬ್ಬರಿಗೂ ಗೊತ್ತಿಲ್ಲ.

ಈಗ ಬೀದಿಯ ಮೂಲೆಯಲ್ಲಿ, ಎರಡು ಕಡೆ ಗಾಜಿರುವ ಮಳಿಗೆಯೊಂದು ಬಾಡಿಗೆಗೆ ಬಂದಿತ್ತು. ಗುಂಡಿಯಕ್ಕನ ಜೀವವೆಲ್ಲ ಅದರ ಮೇಲೆ. ಮತ್ತೆ ಬೆಳಕಿನಲ್ಲಿ ಕೂತು ಹೊಲಿಯಬೇಕು, ನಾಲ್ಕು ಜನ ನೋಡಬೇಕು. ಆದರೆ ಮಳಿಗೆಯ ಒಡತಿ ಬೆಳಿಗ್ಗೆ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಳು.

"ಇಂಟರ್ನೆಟ್ಟಲ್ಲಿ ನೋಡಿದೆ ಕಣಮ್ಮ. ನಿಮ್ಮ ಹೆಸರಲ್ಲಿ ದಿವಾಳಿ ಕೇಸಿದೆ. ಬಿಡುಗಡೆ ಆಗಿದೆ ಅಂತೀರಲ್ಲ, ತೋರಿಸಿ. ಸಂಜೆವರೆಗೆ ಕಾಯ್ತೀನಿ. ಆಮೇಲೆ ಪಾತ್ರೆ ಅಂಗಡಿಯವರಿಗೆ ಕೊಡ್ತೀನಿ."

ಗುಂಡಿಯಕ್ಕ ಮನೆಗೆ ಬಂದವಳೇ ಫೋನು ಹಿಡಿದು ಕೂತಳು. ದಿವಾಳಿ ದಾಖಲೆಗಳ ತಾಣ ಮೊದಲು ತನ್ನೆದುರಿರುವುದು ಯಂತ್ರವಲ್ಲ, ಮನುಷ್ಯರೆಂದು ಖಾತ್ರಿ ಮಾಡಿಕೊಳ್ಳಲು ಸೊಟ್ಟಪಟ್ಟ ಅಕ್ಷರಗಳನ್ನು ತೋರಿಸಿತು. ಗಂಡನ ಸೀಮೆಸುಣ್ಣದ ಬರಹ ಓದಿ ಪಳಗಿದವಳಿಗೆ ಅದೇನು ಲೆಕ್ಕ! ಹೆಸರು ಹಾಕಿದಳು, ಒಂದೇ ಒಂದು ದಾಖಲೆ ಬಂತು, ಅದೂ ಮುಳುಗಿದ ವರ್ಷದ್ದು. ಬಿಡುಗಡೆಯಾದ ವರ್ಷ ಹಾಕಿದಳು, ಏನೂ ಸಿಗಲಿಲ್ಲವೆಂದಿತು. ಊರು ಬದಲಿಸಿದಳು, ನ್ಯಾಯಾಲಯ ಬದಲಿಸಿದಳು. ಮಧ್ಯಾಹ್ನದ ಹೊತ್ತಿಗೆ ಅವಳ ಕಣ್ಣು ತುಂಬಿಬಂತು. ಕಷ್ಟಪಟ್ಟು ತೊಳೆದುಕೊಂಡ ಕಲೆಯನ್ನು ಲೋಕಕ್ಕೆಲ್ಲ ತೋರಿಸಿ, ತೊಳೆದದ್ದನ್ನು ಮಾತ್ರ ಮುಚ್ಚಿಡುವ ಯಂತ್ರ ಎಂಥದು ಎಂದು ಮೈಯೆಲ್ಲ ಉರಿಯಿತು.

ಹಠಕ್ಕೆ ಬಿದ್ದು ಆ ಹಾಳು ದಾಖಲೆಯನ್ನೇ ಮತ್ತೆ ತೆರೆದಳು. ಮೇಲೆ ಅವಳ ಹೆಸರು, ಪಕ್ಕದಲ್ಲಿ "ಮತ್ತು ಇನ್ನೊಬ್ಬರು".

"ರೀ, ಈ ಇನ್ನೊಬ್ಬರು ಅಂದ್ರೆ ನೀವೇ ಅಲ್ವಾ?"

ಗಂಡ ಹೂಂಗುಟ್ಟಿ ಕತ್ತರಿ ಆಡಿಸಿದ. ಅವಳಿಗೆ ಆ ದಿನ ಕಣ್ಣಿಗೆ ಕಟ್ಟಿತು. ದಿವಾಳಿ ಅರ್ಜಿಗೆ ಮೊದಲು ಸಹಿ ಹಾಕಲು ನಾಚಿ ಇವನು ಗೋಡೆ ಕಡೆ ತಿರುಗಿದ್ದ, ಇವಳೇ ಮುಂದೆ ನಿಂತು ಹಾಕಿದ್ದಳು. ಹಾಗಾಗಿ ಮೊದಲ ಹೆಸರು ಅವಳದು, ಅವನು ಬರೀ ಇನ್ನೊಬ್ಬ. ತಾಣ ಹುಡುಕುವುದೂ ಆ ಮೊದಲ ಹೆಸರನ್ನು ಮಾತ್ರ ಇರಬೇಕು.

"ಬಿಡುಗಡೆ ಅರ್ಜಿಗೆ ಮೊದಲು ಯಾರು ಸಹಿ ಹಾಕಿದ್ದು?"

"ಯಾವ ಕಾಲದ ಮಾತು ಅದು, ಈಗ್ಯಾಕೆ?"

"ರೀ."

"ನಾನೇ ಕಣೇ," ಎಂದ ಅವನು, ಕಿವಿಯೆಲ್ಲ ಕೆಂಪಗೆ ಮಾಡಿಕೊಂಡು. "ಗೆಲ್ಲೋ ಅರ್ಜಿ ಅಲ್ವಾ ಅದು. ಮೇಲೆ ನಂದೇ ಇರ್ಲಿ ಅಂತ ಗುಮಾಸ್ತರಿಗೆ ಹೇಳ್ದೆ."

ಅವಳು ಗಂಡನ ಹೆಸರು ಹಾಕಿದಳು. ಫೋನಿನ ಪರದೆಯ ಮೇಲೆ ಗಾಲಿ ತಿರುಗಿತು, ನಿಂತಿತು. ಅವನ ಹೆಸರು, "ಮತ್ತು ಇನ್ನೊಬ್ಬರು". ಆದೇಶ ತೆರೆದರೆ ಒಳಗೆ ಅವಳ ಪೂರ್ತಿ ಹೆಸರು, ಕೆಳಗೆ ಇಬ್ಬರಿಗೂ ಬಿಡುಗಡೆ. ಗುಂಡಿಯಕ್ಕನ ಬಾಯಲ್ಲಿದ್ದ ಗುಂಡಿಗಳು ಉದುರಿ ಮಂಚದಡಿ ಸೇರಿದವು. ಬೈಯಬೇಕೆಂದುಕೊಂಡವಳು ನಕ್ಕುಬಿಟ್ಟಳು, ನಗುತ್ತಲೇ ಚಪ್ಪಲಿ ಮೆಟ್ಟಿಕೊಂಡಳು.

ಮಳಿಗೆಯಲ್ಲಿ ಒಡತಿ ಫೋನಿನಲ್ಲೇ ಆದೇಶವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಪಾತ್ರೆ ಅಂಗಡಿಯವನು ಆಗಲೇ ಅಳತೆ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಡತಿ ಅವನನ್ನು ದಾಟಿ ಬಂದು ಬೀಗದಕೈಯನ್ನು ಗುಂಡಿಯಕ್ಕನ ಅಂಗೈಯಲ್ಲಿಟ್ಟಳು.

"ಮೊದಲೇ ತೋರಿಸಬಾರದಿತ್ತಾ ತಾಯಿ?"

"ನನ್ನ ಹೆಸರು ಅಡಗಿ ಕೂತಿತ್ತು," ಎಂದಳು ಗುಂಡಿಯಕ್ಕ, ಎದೆಯುಬ್ಬಿಸಿ.

ಆ ವಾರವೇ ಹೊಲಿಗೆ ಯಂತ್ರ ಗಾಜಿನ ಪಕ್ಕಕ್ಕೆ ಬಂತು. ಫಲಕ ಬರೆಯುವವನು ಏಣಿ ಹತ್ತಿ, ಯಾರ ಹೆಸರು ಬರೆಯಲಿ ಎಂದು ಕೇಳಿದ. ಗುಂಡಿಯಕ್ಕ ಬಾಯಿ ತೆರೆಯುವ ಮೊದಲೇ ಗಂಡ ಬೀದಿಯ ಮಧ್ಯೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ದೊಡ್ಡದಾಗಿ ಅವಳ ಹೆಸರು ಬರೀರಿ. ಕೆಳಗೆ ಜಾಗ ಉಳಿದ್ರೆ, 'ಮತ್ತು ಇನ್ನೊಬ್ಬರು' ಅಂತ ಸೇರ್ಸಿ."