ಫಿಟ್ಸ್ ಅಂದವಳು ನಾನೇ

ವಿಮಲಾ, ನಿನಗೆ ಫಿಟ್ಸ್ ಬರುತ್ತದೆ ಎಂದು ಗಂಡಿನ ಕಡೆಯವರಿಗೆ ಹೇಳಿದವಳು ನಾನೇ. ಬಾಯಿ ತಪ್ಪಿ ಅಲ್ಲ — ತಿಳಿದೇ ಹೇಳಿದೆ.

ಇಪ್ಪತ್ತೈದು ವರ್ಷವಾಯಿತು. ಚಾಮರಾಜಪೇಟೆಯ ಇದೇ ವಠಾರ. ಹೆಣ್ಣು ಒಪ್ಪಿಗೆಯಾದ ಮೇಲೆ ಗಂಡಿನವರು ಪಕ್ಕದ ಮನೆಯಲ್ಲಿ ವಿಚಾರಿಸುವುದು ಇದ್ದದ್ದೇ. ಹುಡುಗನ ಸೋದರತ್ತೆ ನನ್ನ ಹತ್ತಿರ ಬ್ಲೌಸ್ ಹೊಲಿಸುವ ನೆಪದಲ್ಲಿ ಬಂದರು. ಬಟ್ಟೆ ಮುಂದಿಟ್ಟು, ದನಿ ತಗ್ಗಿಸಿ, "ಪಕ್ಕದ ಹುಡುಗಿ ಹೇಗಮ್ಮ? ಕಾಯಿಲೆ ಗೀಯಿಲೆ ಏನಾದ್ರೂ?" ಎಂದರು.

ಅದೇ ಮನೆಯವರು ಮೂರು ತಿಂಗಳ ಹಿಂದೆ ನನ್ನ ಮಗಳು ಸುಜಾತಳನ್ನು ನೋಡಿ, ಉಪ್ಪಿಟ್ಟು ತಿಂದು, ಕಾಗದ ಬರೀತೀವಿ ಎಂದು ಹೋಗಿದ್ದರು. ಬರೆಯಲಿಲ್ಲ. ಈ ಸೋದರತ್ತೆ ಆಗ ಬಂದಿರಲಿಲ್ಲ. ನಾನು ಯಾರೆಂದು ಆಕೆಗೆ ಗೊತ್ತಿಲ್ಲ.

"ನೋಡೋಕೆ ಚೆನ್ನಾಗೇ ಇದಾಳೆ. ಅವಾಗವಾಗ ಫಿಟ್ಸ್ ಬರುತ್ತೆ, ಅಷ್ಟೇ. ನಾನು ಹೇಳಿದೆ ಅನ್ಬೇಡಿ."

ಆಕೆ ಬಟ್ಟೆ ಮಡಿಸಿಕೊಂಡು ಹೋದರು. ಅಳತೆ ಕೊಡಲೇ ಇಲ್ಲ.

ನೀನು ಬಿದ್ದದ್ದು ಒಂದೇ ಸಲ. ಶನಿವಾರದ ಉಪವಾಸ, ಬಿಸಿಲಲ್ಲಿ ನಲ್ಲಿ ಮುಂದೆ ನಿಂತಿದ್ದೆ. ಸಕ್ಕರೆ ನೀರು ಕುಡಿಸಿದವಳು ನಾನು. ಎದ್ದು ಕೂತವಳೇ, "ಆಂಟಿ, ನನ್ನ ಕೊಡ ತುಂಬ್ತಾ?" ಅಂದಿದ್ದೆ.

ಸಂಬಂಧ ಮುರಿಯಿತು. ನಿಮ್ಮಮ್ಮ ಬಂದಳು. "ಅಕ್ಕಾ, ನೀವೇನಾದ್ರೂ ಅಂದ್ರಾ?"

"ನನಗೆಲ್ಲಿ ಇಂಗ್ಲಿಷ್ ಬರುತ್ತೆ ನಾಗು? ಹುಡುಗಿ ಫಿಟ್ಟಾಗಿದಾಳೆ ಅಂದೆ. ಅವರೇನು ತಿಳ್ಕೊಂಡ್ರೋ."

ನಂಬಿದಳು. ನಾನು ಓದಿದ್ದು ಮೂರನೇ ಕ್ಲಾಸು, ನಂಬದೆ ಏನು? ಆದರೆ ಆ ಪದ ನನಗೆ ತಿಳಿಯದ್ದೇನಲ್ಲ — ಬ್ಲೌಸಿನ ತೋಳು ಫಿಟ್ಟಾಗಿ ಕೂತರೆ ಅದೊಂದು. ಜ್ವರ ಬಿಟ್ಟ ಮೇಲೆ ಡಾಕ್ಟರು ಕೆಲಸಕ್ಕೆ ಫಿಟ್ ಎಂದು ಬರೆದುಕೊಟ್ಟರೆ ಇನ್ನೊಂದು. ನನ್ನ ತಮ್ಮ ನೊರೆ ಕಾರುತ್ತ ಬೀಳುತ್ತಿದ್ದನಲ್ಲ, ಅವನ ಮುಷ್ಟಿಗೆ ಕಬ್ಬಿಣದ ಬೀಗದ ಕೈ ತುರುಕುತ್ತಿದ್ದವಳು ನಾನೇ. ಮೂರನ್ನೂ ಕಂಡವಳು ನಾನು.

ಆಮೇಲೆ ವಠಾರಕ್ಕೆಲ್ಲ ಅದೊಂದು ತಮಾಷೆ — "ಕಮಲಮ್ಮನ ಇಂಗ್ಲಿಷ್". ನೀನೂ ನಕ್ಕೆ. ನಾನೂ ನಕ್ಕೆ. ಸುಳ್ಳು ಹೇಳಿದ್ದಕ್ಕಿಂತ ಆ ನಗು ನೆನೆದರೆ ಈಗ ಮುಖ ಎತ್ತಲಾರೆ. ಆಮೇಲೆ ಬಂದವರೆಲ್ಲ ಆ ಸುದ್ದಿ ಕೇಳಿ ಹಿಂದೆ ಸರಿದರು. ಸುಜಾತಳಿಗೆ ಬೇರೆ ಕಡೆ ಆಯಿತು. ನಿನಗೆ ಆಗಲೇ ಇಲ್ಲ.

ಮೊನ್ನೆ ನನ್ನ ಮೊಮ್ಮಗಳನ್ನು ವಿಚಾರಿಸಲು ಗಂಡಿನವರು ನಿನ್ನ ಬಾಗಿಲಿಗೇ ಬಂದರು. ಮೆಷಿನ್ ನಿಲ್ಲಿಸಿ ಕಿವಿಗೊಟ್ಟೆ. "ಕಮಲಮ್ಮನ ಮನೆ ಹುಡುಗಿ ತಾನೆ? ಕಣ್ಮುಚ್ಕೊಂಡು ಮಾಡ್ಕೊಳಿ," ಎಂದೆ ನೀನು.

ಗುರುವಾರ ನಿಶ್ಚಿತಾರ್ಥ. ಅದು ಮುಗಿದ ಮೇಲೆ ಈ ಕಾಗದ ಕೊಟ್ಟರೆ ನಿನ್ನ ಒಳ್ಳೆ ಮಾತನ್ನೂ ಕದ್ದ ಹಾಗೆ. ಮೊಮ್ಮಗಳಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿದಳು. ಆಮೇಲೆ, "ಕೊಟ್ಟು ಬಾ ಅಜ್ಜಿ," ಅಂದಳು.

ಆ ಗಂಡಿನವರ ವಿಳಾಸ ಕಾಗದದ ಹಿಂದುಗಡೆ ಬರೆದಿದ್ದೇನೆ. ನಮ್ಮ ಮನೆ ಎಂಥದ್ದೆಂದು ಅವರಿಗೆ ಹೇಳಬೇಕೆನಿಸಿದರೆ ಹೇಳು. ಅವರು ಬಂದು ನನ್ನನ್ನು ಕೇಳಿದರೆ, ಇಂಗ್ಲಿಷ್ ಬರಲ್ಲ ಎನ್ನುವುದಿಲ್ಲ.